ಬಾಟಲಿ ತಿನ್ನುವ ಜೀವಾಣುವೂ ವಿಜ್ಞಾನದ ಗಿರಣಿಯೂ

ಹಳೆಯ ಸೀರೆ ಕೌದಿಯಾಗುತ್ತದೆ. ಕೌದಿ ಹರಿದರೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಅದೂ ಜೀರ್ಣವಾದರೆ ತಿಪ್ಪೆ ಸೇರುತ್ತದೆ. ಅಜ್ಜಿಯ ಚಿನ್ನದ ಸರದ ಕಥೆಯೇ ಬೇರೆ. ಅಕ್ಕಸಾಲಿಗ ಅದನ್ನು ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಕೊಟ್ಟರೂ ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ. ಎರಡೂ ಮರುಬಳಕೆಯೇ. ಆದರೆ ಮೊದಲನೆಯದರಲ್ಲಿ ವಸ್ತು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಎರಡನೆಯದರಲ್ಲಿ ಸುತ್ತು ಹೊಡೆದು ಮೊದಲಿನ ಸ್ಥಾನಕ್ಕೇ ಬರುತ್ತದೆ. ಈ ಎರಡನೆಯ ಬಗೆಯನ್ನೇ ಗುರಿಯಾಗಿಟ್ಟುಕೊಂಡ ವ್ಯವಸ್ಥೆಗೆ ಈಗ ‘ಆವರ್ತಕ ಆರ್ಥಿಕತೆ’ ಎಂಬ ಹೆಸರು ಬಂದಿದೆ.

ನಾವು ಕುಡಿದು ಎಸೆಯುವ ನೀರಿನ ಬಾಟಲಿ ಇವೆರಡರಲ್ಲಿ ಯಾವ ಗುಂಪಿಗೆ ಸೇರಿದ್ದು? ಬಹುಮಟ್ಟಿಗೆ ಕೌದಿಯ ಗುಂಪಿಗೆ. ಗುಜರಿ ಸೇರಿದ ಬಾಟಲಿಯನ್ನು ಚೂರು ಮಾಡಿ, ತೊಳೆದು, ಕರಗಿಸಿ ನೂಲು ತೆಗೆಯುತ್ತಾರೆ. ಆ ನೂಲು ದಿಂಬಿನ ಒಳಗೋ ಜಮಖಾನೆಗೋ ಹೋಗುತ್ತದೆ. ಪ್ರತಿ ಬಾರಿ ಕರಗಿಸಿದಾಗಲೂ ಅದರ ಗುಣಮಟ್ಟ ಕುಸಿಯುತ್ತದೆ. ಬಾಟಲಿಯನ್ನು ಚಿನ್ನದಂತೆ ಮರಳಿ ಪಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಸೂಕ್ಷ್ಮಜೀವಿಯಲ್ಲಿ.

ಮಣ್ಣಿನಲ್ಲಿ ಸಿಕ್ಕ ಸುಳಿವು

ಬಾಟಲಿಯ ಪ್ಲಾಸ್ಟಿಕ್ಕಿನ ಹೆಸರು ಪಾಲಿಎಥಿಲೀನ್ ಟೆರೆಫ್ತಾಲೇಟ್, ಚಿಕ್ಕದಾಗಿ ಪೆಟ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇದಕ್ಕೆ ಪೇಟೆಂಟ್ ಕೋರಿದರು. ನೂಲಿನ ರೂಪದಲ್ಲಿ ಇದೇ ಟೆರಿಲೀನ್. ಒಂದು ಕಾಲದಲ್ಲಿ ಅಪ್ಪಂದಿರು ಹೆಮ್ಮೆಯಿಂದ ತೊಡುತ್ತಿದ್ದ ಟೆರಿಕಾಟ್ ಅಂಗಿಯೂ ಇಂದಿನ ನೀರಿನ ಬಾಟಲಿಯೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ನೆಂಟರು. ಎರಡು ಬಗೆಯ ಸಣ್ಣ ಅಣುಗಳು, ಅಂದರೆ ಟೆರೆಫ್ತಾಲಿಕ್ ಆಮ್ಲ ಮತ್ತು ಎಥಿಲೀನ್ ಗ್ಲೈಕಾಲ್, ಒಂದರ ಪಕ್ಕ ಒಂದು ಕೈ ಹಿಡಿದು ಸರಪಳಿಯಾದರೆ ಅದೇ ಪೆಟ್. ಆ ಕೈಗಳ ಹೆಸರು ಎಸ್ಟರ್ ಬಂಧ.

ಜಪಾನಿನ ಸಕಾಯಿ ನಗರದಲ್ಲಿ ಬಾಟಲಿ ಮರುಬಳಕೆಯ ಘಟಕವೊಂದಿದೆ. ಅದರ ಹೊರಗಿನ ಕೊಳಕು ಮಣ್ಣಿನಲ್ಲಿ ಪೆಟ್ ಅನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯ ಇದೆಯೆಂದು ಅಲ್ಲಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಊರಿನ ಹೆಸರನ್ನೇ ಸೇರಿಸಿ ಅದನ್ನು ಇಡಿಯೊನೆಲ್ಲ ಸಕಾಯೆನ್ಸಿಸ್ ಎಂದು ಕರೆದರು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೆಳುವಾದ ಪೆಟ್ ಹಾಳೆಯೊಂದನ್ನು ಅದು ಆರು ವಾರಗಳಲ್ಲಿ ಬಹುತೇಕ ಮುಗಿಸಿತ್ತು. ಇದಕ್ಕೆ ಅದು ಬಳಸುವ ಕಿಣ್ವಗಳು ಎರಡು. ‘ಪೆಟೇಸ್’ ಎಂಬ ಮೊದಲನೆಯದು ಸರಪಳಿಯನ್ನು ಕತ್ತರಿಸುತ್ತದೆ. ಎರಡನೆಯದು ಆ ತುಂಡುಗಳನ್ನು ಒಡೆದು ಮೂಲದ ಎರಡು ಅಣುಗಳನ್ನು ಬಿಡಿಸುತ್ತದೆ. ಬಿಡಿಯಾದ ಅಣುಗಳಿಂದ ಮತ್ತೆ ಹೊಚ್ಚ ಹೊಸ ಪೆಟ್ ಕಟ್ಟಬಹುದು. ಅಕ್ಕಸಾಲಿಗನ ಮೂಸೆ ಸಿಕ್ಕಿದ್ದು ಹೀಗೆ. ಆದರೆ ಆರು ವಾರಕ್ಕೊಂದು ತೆಳು ಹಾಳೆ ಎಂದರೆ ಕಾರ್ಖಾನೆ ನಡೆಯದು. ಕಿಣ್ವವನ್ನು ಚುರುಕುಗೊಳಿಸಬೇಕು. ಚುರುಕುಗೊಳಿಸಬೇಕಾದರೆ ಮೊದಲು ಅದರ ಆಕಾರ ತಿಳಿದಿರಬೇಕು.

ಕಾಣದ್ದನ್ನು ಕಾಣುವ ಬೆಳಕು

ಕಿಣ್ವದೊಳಗಿನ ಪರಮಾಣುಗಳನ್ನು ಸಾಧಾರಣ ಸೂಕ್ಷ್ಮದರ್ಶಕ ತೋರಿಸಲಾರದು. ಪರಮಾಣುಗಳ ನಡುವಣ ದೂರವನ್ನು ಅಳೆಯುವುದು ಆಂಗ್‌ಸ್ಟ್ರಾಮ್‌ಗಳಲ್ಲಿ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ಒಂದು ಆಂಗ್‌ಸ್ಟ್ರಾಮ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ ಅದರ ಸಾವಿರಾರು ಪಟ್ಟು. ಆದ್ದರಿಂದ ಸುಮಾರು ಒಂದು ಆಂಗ್‌ಸ್ಟ್ರಾಮ್ ಅಲೆಯುದ್ದದ ಕ್ಷ-ಕಿರಣವೇ ಬೇಕು. ಕಿಣ್ವವನ್ನು ಹರಳುಗಟ್ಟಿಸಿ ಅದರ ಮೇಲೆ ಈ ಕಿರಣ ಹಾಯಿಸಿದರೆ ಅದು ಚದುರಿ ಚುಕ್ಕಿಗಳ ವಿನ್ಯಾಸ ಮೂಡಿಸುತ್ತದೆ. ಆ ಚುಕ್ಕಿಗಳಿಂದ ಗಣಿತದ ಮೂಲಕ ಆಕಾರವನ್ನು ಕಂಡುಹಿಡಿಯುತ್ತಾರೆ.

ಸೂಕ್ಷ್ಮ ಹರಳುಗಳಿಗೆ ಅತಿ ಪ್ರಖರವಾದ ಕ್ಷ-ಕಿರಣ ಬೇಕಾಗುತ್ತದೆ. ಅದನ್ನು ಒದಗಿಸುವ ಯಂತ್ರವೇ ಸಿಂಕ್ರೊಟ್ರಾನ್. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್‌ನ ಹಾರ್ವೆಲ್‌ನಲ್ಲಿ 2007ರಲ್ಲಿ ಕೆಲಸ ಆರಂಭಿಸಿದ ‘ಡೈಮಂಡ್ ಲೈಟ್ ಸೋರ್ಸ್’ ಇಂಥದೊಂದು. ಸುಮಾರು 560 ಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಓಡುತ್ತವೆ. ಆಯಸ್ಕಾಂತಗಳು ಅವುಗಳ ದಾರಿಯನ್ನು ಬಾಗಿಸಿದಾಗ ಕ್ಷ-ಕಿರಣ ಹೊಮ್ಮುತ್ತದೆ. ಉಂಗುರದ ಸುತ್ತಲೂ ಇರುವ ಕೋಣೆಗಳಿಗೆ ಈ ಕಿರಣವನ್ನು ಹಂಚುತ್ತಾರೆ.

ಇಂಥ ಯಂತ್ರವನ್ನು ಒಂದೊಂದು ಕಾಲೇಜೂ ಕಟ್ಟಿಕೊಳ್ಳಲಾಗದು, ಕಟ್ಟಿಕೊಳ್ಳಬೇಕಾಗಿಯೂ ಇಲ್ಲ. ಊರಿಗೊಂದು ಹಿಟ್ಟಿನ ಗಿರಣಿ ಇದ್ದರೆ ಸಾಕು. ರಾಗಿ ತಂದವರೂ ಜೋಳ ತಂದವರೂ ಸರದಿಯಲ್ಲಿ ಬೀಸಿಸಿಕೊಂಡು ಹೋಗುತ್ತಾರೆ. ಡೈಮಂಡ್ ನಡೆಯುವುದೂ ಹೀಗೆಯೇ. ವಿಜ್ಞಾನಿಗಳು ಅರ್ಜಿ ಹಾಕುತ್ತಾರೆ, ತಜ್ಞರು ತೂಗಿ ನೋಡಿ ಸಮಯ ಕೊಡುತ್ತಾರೆ. ಫಲಿತಾಂಶವನ್ನು ಎಲ್ಲರಿಗೂ ಪ್ರಕಟಿಸುವವರಿಗೆ ಶುಲ್ಕವಿಲ್ಲ. ಗುಟ್ಟಾಗಿ ಇಟ್ಟುಕೊಳ್ಳಬಯಸುವ ಕಂಪನಿಗಳು ಹಣ ತೆರಬೇಕು. ಇದೊಂದು ನ್ಯಾಯವಾದ ನಿಯಮ.

ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಗೀಹನ್, ಅಮೆರಿಕದ ಗ್ರೆಗ್ ಬೆಕ್‌ಹ್ಯಾಮ್ ಮತ್ತು ಸಂಗಡಿಗರು ಪೆಟೇಸ್‌ನ ಹರಳುಗಳನ್ನು ಈ ಗಿರಣಿಗೆ ತಂದರು. 0.92 ಆಂಗ್‌ಸ್ಟ್ರಾಮ್‌ವರೆಗಿನ ವಿವರಗಳುಳ್ಳ ಚಿತ್ರ ಅವರಿಗೆ ಸಿಕ್ಕಿತು. ಚೀನಾ ಮತ್ತು ಕೊರಿಯಾದ ತಂಡಗಳೂ ಅದೇ ಆಸುಪಾಸಿನಲ್ಲಿ ಇದೇ ಕಿಣ್ವದ ಆಕಾರವನ್ನು ಬಿಡಿಸಿದ್ದವು. ಎಲೆಗಳ ಮೇಲಿನ ಮೇಣದಂಥ ಪದರವನ್ನು ಕರಗಿಸುವ ‘ಕ್ಯೂಟಿನೇಸ್’ ಎಂಬ ಕಿಣ್ವವನ್ನು ಪೆಟೇಸ್ ಹೋಲುತ್ತದೆ. ಆದರೆ ಪೆಟೇಸ್‌ನ ಬಾಯಿ ತುಸು ಅಗಲ. ಎರಡು ಅಮೈನೊ ಆಮ್ಲಗಳನ್ನು ಬದಲಿಸಿ ಬಾಯಿಯನ್ನು ಕಿರಿದು ಮಾಡಿದರೆ ಕೆಲಸ ನಿಧಾನವಾಗಬೇಕೆಂದು ಅವರು ಲೆಕ್ಕ ಹಾಕಿದ್ದರು. ಆದದ್ದು ತದ್ವಿರುದ್ಧ. ಕಿಣ್ವ ಸುಮಾರು ಶೇ 20ರಷ್ಟು ಚುರುಕಾಯಿತು! ಈ ವರದಿ 2018ರಲ್ಲಿ ಪ್ರಕಟವಾಯಿತು.

ಏರಿಕೆ ಸಣ್ಣದೇ. ಆದರೆ ಪ್ರಕೃತಿ ಕೊಟ್ಟ ಕಿಣ್ವವನ್ನು ತಿದ್ದಿ ಉತ್ತಮಗೊಳಿಸಬಹುದೆಂಬುದು ಖಚಿತವಾಯಿತು. ಎಲೆ ಕಾಂಡಗಳ ಕಾಂಪೋಸ್ಟ್ ಗೊಬ್ಬರದಲ್ಲಿ ಮೊದಲು ಸಿಕ್ಕಿದ್ದ ಇನ್ನೊಂದು ಕ್ಯೂಟಿನೇಸನ್ನು ಫ್ರಾನ್ಸಿನ ತುಲೂಸ್‌ನ ವಿಜ್ಞಾನಿಗಳು ‘ಕಾರ್ಬಿಯೋಸ್’ ಕಂಪನಿಯೊಡನೆ ತಿದ್ದಿದರು. 72 ಡಿಗ್ರಿ ಉಷ್ಣತೆಯಲ್ಲಿ ಅದು 10 ಗಂಟೆಗಳಲ್ಲಿ ಶೇ 90ರಷ್ಟು ಪೆಟ್ ಅನ್ನು ಒಡೆಯಿತೆಂದು 2020ರಲ್ಲಿ ವರದಿಯಾಯಿತು. ಹಾಗೆ ಬಂದ ಅಣುಗಳಿಂದ ಮತ್ತೆ ಬಾಟಲಿಯನ್ನೂ ಮಾಡಿ ತೋರಿಸಿದರು.

ಹಾಗಾದರೆ ಇನ್ನು ಬಾಟಲಿಗಳನ್ನು ಧಾರಾಳವಾಗಿ ಎಸೆಯಬಹುದೇ? ಖಂಡಿತ ಇಲ್ಲ. ಈ ಕಿಣ್ವ ಕೆಲಸ ಮಾಡುವುದು ಕಾರ್ಖಾನೆಯ ತೊಟ್ಟಿಯಲ್ಲಿ, ರಸ್ತೆಬದಿಯ ರಾಶಿಯಲ್ಲಲ್ಲ. ಬಾಟಲಿಯನ್ನು ಮೊದಲು ಪುಡಿ ಮಾಡಿ ಹದಗೊಳಿಸಬೇಕು, ಬಿಸಿ ಮಾಡಬೇಕು. ಇದಕ್ಕೆಲ್ಲ ವಿದ್ಯುತ್ತು, ಹಣ ಬೇಕು. ಅಂಗಡಿಯ ತೆಳು ಕೈಚೀಲಕ್ಕಂತೂ ಈ ಕಿಣ್ವ ನಾಟುವುದೇ ಇಲ್ಲ. ಅದು ಪಾಲಿಥೀನ್. ಅದರ ಬೆನ್ನೆಲುಬಿನಲ್ಲಿ ಇಂಗಾಲಕ್ಕೆ ಇಂಗಾಲ ಬೆಸೆದಿರುತ್ತದೆ, ಕತ್ತರಿಸಲು ಎಸ್ಟರ್ ಬಂಧವೇ ಇಲ್ಲ. ಕಸ ಬೆರೆತರೆ ಯಾವ ವಿಜ್ಞಾನವೂ ಸುಲಭವಾಗಿ ಬಿಡಿಸಲಾರದು.

ನಮ್ಮಲ್ಲಿಯೂ ಉಂಟು ಗಿರಣಿ

ಮಕ್ಕಳನ್ನು ಬಿ.ಎಸ್ಸಿ.ಗೆ ಸೇರಿಸುವ ತಂದೆತಾಯಿಗಳಿಗೆ ಒಂದು ಅಳುಕು ಸಹಜ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ದೊಡ್ಡ ಉಪಕರಣಗಳೆಲ್ಲಿ, ಸಂಶೋಧನೆಯೆಲ್ಲಿ? ಒಳ್ಳೆಯ ಯೋಚನೆಯುಳ್ಳ ಎಷ್ಟೋ ಹುಡುಗ ಹುಡುಗಿಯರು ಇದೇ ಕಾರಣಕ್ಕೆ ಕೈಚೆಲ್ಲುತ್ತಾರೆ. ಇದು ಪ್ಲಾಸ್ಟಿಕ್ಕಿಗಿಂತ ದೊಡ್ಡ ಪೋಲು.

ಭಾರತದ ಸಿಂಕ್ರೊಟ್ರಾನ್ ‘ಇಂಡಸ್-2’ ಮಧ್ಯಪ್ರದೇಶದ ಇಂದೋರಿನಲ್ಲಿದೆ. ಅದು ಇರುವ ಕೇಂದ್ರಕ್ಕೆ ನಮ್ಮ ತಿಪಟೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣನವರ ಹೆಸರಿದೆ. ಪ್ರೊಟೀನ್ ಹರಳುಗಳನ್ನು ನೋಡುವ ಕಿರಣಮಾರ್ಗವೂ ಅಲ್ಲಿದ್ದು, ವಿಶ್ವವಿದ್ಯಾಲಯಗಳ ಸಂಶೋಧಕರು ಅರ್ಜಿ ಹಾಕಬಹುದು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಹೊರಗಿನವರ ಬಳಕೆಗೆ ಲಭ್ಯವಿದೆ ಎಂದು ಒಂದೇ ಕಡೆ ತೋರಿಸಿ, ಸರದಿ ಕಾದಿರಿಸಲು ನೆರವಾಗುವ ‘ಐ-ಸ್ಟೆಮ್’ ವ್ಯವಸ್ಥೆ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಉಪಕರಣ ಕಾಲೇಜಿನಲ್ಲಿ ಇಲ್ಲವೆಂಬುದು ಅಡ್ಡಿಯಲ್ಲ, ಗಿರಣಿಗೆ ಒಯ್ಯಲು ಕಾಳು ಇರಬೇಕು. ಅಂದರೆ ಒಳ್ಳೆಯ ಪ್ರಶ್ನೆ, ಅಚ್ಚುಕಟ್ಟಾಗಿ ಸಿದ್ಧಪಡಿಸಿದ ಮಾದರಿ, ಎಡೆಬಿಡದ ಓದು.

ಈ ಭಾನುವಾರ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಖಾಲಿ ನೀರಿನ ಬಾಟಲಿಯ ತಳ ನೋಡಿ. ಬಾಣಗಳ ತ್ರಿಕೋನದೊಳಗೆ 1 ಎಂದಿದ್ದರೆ ಅದು ಪೆಟ್. ಹಿರಿಯರ ನೆರವಿನಿಂದ ಬಾಟಲಿಯ ಗೋಡೆಯಿಂದಲೂ ಮುಚ್ಚಳದಿಂದಲೂ ಸಣ್ಣ ಚೂರುಗಳನ್ನು ಕತ್ತರಿಸಿ. ಎರಡನ್ನೂ ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಹಾಕಿ, ಚಮಚೆಯಿಂದ ಮುಳುಗಿಸಿ ಬಿಡಿ. ಬಾಟಲಿಯ ಚೂರು ತಳ ಸೇರುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಪೆಟ್‌ನ ಸಾಂದ್ರತೆ ಸುಮಾರು 1.38, ಮುಚ್ಚಳದ ಪ್ಲಾಸ್ಟಿಕ್ಕಿನದು 1ಕ್ಕಿಂತ ಕಡಿಮೆ. ಮರುಬಳಕೆಯ ಘಟಕಗಳು ಇವೆರಡನ್ನು ಬೇರ್ಪಡಿಸುವುದೂ ಇದೇ ಉಪಾಯದಿಂದ. ಮುಚ್ಚಳ ಏಕೆ ಬೇರೆ ಪ್ಲಾಸ್ಟಿಕ್ಕಿನದು ಎಂದು ಮಗು ಕೇಳಿದರೆ ಗದರಬೇಡಿ, ಜೊತೆಗೆ ಕುಳಿತು ಯೋಚಿಸಿ. ಗಿರಣಿಗೆ ಒಯ್ಯುವ ಕಾಳು ಮೊಳೆಯುವುದು ಇಂಥ ಪ್ರಶ್ನೆಗಳಲ್ಲೇ.