ಅಕ್ಕನಿಗೆ ಹೇಳದೆ ಅಕ್ಕನ ಸಿನಿಮಾ

ಪೆರ್ನಾಲ್ ರಜೆಯಲ್ಲಿ ನೆರೆಮನೆಯ ಹುಡುಗ ಬಂದು ಮೊಬೈಲ್‌ನಲ್ಲಿ ಬರೆದಿಟ್ಟ ಕಥೆಯೊಂದನ್ನು ಓದಿ ಹೇಳಿದ. ಹನ್ನೆರಡು ನಿಮಿಷದ ಕಿರುಚಿತ್ರ ಮಾಡ್ತಾನಂತೆ. ತಲಾಖ್ ಆಗಿ ಎರಡು ಮಕ್ಕಳೊಂದಿಗೆ ತವರಿಗೆ ಮರಳಿದ ಹೆಣ್ಣಿನ ಕಥೆ. ಚೆನ್ನಾಗಿಯೇ ಬರೆದಿದ್ದ. ಕೇಳುತ್ತಾ ಹೋದಂತೆ ಅದು ಅವನ ಅಕ್ಕನದೇ ಬದುಕು ಎಂದು ಗೊತ್ತಾಯಿತು. ಗಂಡ ಗಲ್ಫಿನಿಂದ ಕಳಿಸಿದ ವಾಯ್ಸ್ ಮೆಸೇಜ್, ಸಣ್ಣ ಮಗುವನ್ನು ಮನೆಯಲ್ಲಿ ಕರೆಯುವ ಹೆಸರು, ಎಲ್ಲವೂ ಇದ್ದ ಹಾಗೇ.

"ಅಕ್ಕನಿಗೆ ಹೇಳಿದ್ದೀಯಾ?" ಎಂದೆ.

"ಇಲ್ಲ, ಮುಗಿದ ಮೇಲೆ ತೋರಿಸ್ತೇನೆ" ಅಂದ.

ನಮ್ಮ ಹಿರಿಯರಾದರೆ ಅಲ್ಲಿಗೇ ಬೈದು ಕಳಿಸುತ್ತಿದ್ದರು. ನಮ್ಮ ಹುಳುಕು ಊರಿಗೆಲ್ಲ ಯಾಕೆ ತೋರಿಸಬೇಕು ಎಂಬ ಮಾತು ಹೊಸದಲ್ಲ. 1980ರ ದಶಕದಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಂದಾಗಲೂ ಇದೇ ಮಾತಿತ್ತು. ಇಂದು ನಮ್ಮ ಹೆಣ್ಣುಮಕ್ಕಳು ಕಾಲೇಜಿನಲ್ಲಿ ಅದನ್ನು ಓದುತ್ತಾರೆ, ಆಕಾಶವೇನೂ ಬೀಳಲಿಲ್ಲ. ಆದ್ದರಿಂದ ಆ ಕಾರಣಕ್ಕೆ ನಾನು ಹುಡುಗನನ್ನು ತಡೆಯಲಿಲ್ಲ. ನನಗಿದ್ದ ಪ್ರಶ್ನೆ ಬೇರೆ: ಈ ಕಥೆ ಯಾರದು?

ಬ್ಯಾರಿಗಳಿಗೆ ಈ ಪ್ರಶ್ನೆ ಗೊತ್ತಿರಬೇಕಿತ್ತು. ನಮ್ಮ ಭಾಷೆಯ ಮೊದಲ ಚಿತ್ರ 'ಬ್ಯಾರಿ', ಸುವೀರನ್ ನಿರ್ದೇಶನದ್ದು, 2011ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಮರಾಠಿಯ 'ದೇವೂಳ್' ಜತೆ ಅತ್ಯುತ್ತಮ ಚಿತ್ರವಾಯಿತು. ನಾವೆಲ್ಲ ಸಿಹಿ ಹಂಚಿದೆವು. ಆದರೆ ಅದು ತನ್ನ ಕಾದಂಬರಿಯ ಕಥೆ, ತನ್ನನ್ನು ಕೇಳಿಲ್ಲ ಎಂದು ಸಾರಾ ನ್ಯಾಯಾಲಯದ ಮೆಟ್ಟಿಲೇರಿದರು. ಪುಸ್ತಕ ಬರೆದವರಿಗೆ ಕೋರ್ಟ್ ಇದೆ. ಅಡುಗೆಮನೆಯಲ್ಲಿ ನಿಂತು ಬದುಕಿದ್ದನ್ನು ಬರೆಯದೇ ಉಳಿದ ಅಕ್ಕನಿಗೆ ಯಾವ ಕೋರ್ಟ್?

ನೋವನ್ನು ಕಥೆ ಮಾಡುವ ಬಗೆ ನೋಡಬೇಕಾದರೆ ಬಾನು ಮುಷ್ತಾಕ್ ಅವರನ್ನು ಓದಬೇಕು. ಹೆರಿಗೆಯ ನಂತರದ ಖಿನ್ನತೆಯಲ್ಲಿ ಜೀವ ಕಳೆದುಕೊಳ್ಳಲು ಹೊರಟಿದ್ದನ್ನೂ, ಪತಿ ತಡೆದು ಉಳಿಸಿದ್ದನ್ನೂ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಈಗ 'ಎದೆಯ ಹಣತೆ' ಕಥೆ ನೋಡಿ. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆದ ಸಂಕಲನಕ್ಕೆ ಹೆಸರು ಕೊಟ್ಟದ್ದು ಅದೇ. ಅದರ ಮೆಹರುನ್‌ಳನ್ನು ಗಂಡ ಕೈಬಿಟ್ಟಿದ್ದಾನೆ, ತವರಿನವರೂ ಹಿಂದಕ್ಕೆ ತಂದು ಬಿಡುತ್ತಾರೆ. ಕೊನೆಗೆ ಅವಳನ್ನು ತಡೆಯುವುದು ಮಗಳು. ಉಳಿಸಿದ ಗಂಡ ಕಥೆಯೊಳಗೆ ಇಲ್ಲವೇ ಇಲ್ಲ. ಮನೆಯವರು ಯಾರೂ ಅದರಲ್ಲಿ ಸಿಕ್ಕಿಬೀಳಲಿಲ್ಲ. ಆದರೆ ಆ ಕತ್ತಲು ಕಂಡವರಿಗಲ್ಲದೆ ಹಾಗೆ ಬರೆಯಲು ಬರುವುದಿಲ್ಲ.

ಇಷ್ಟೆಲ್ಲ ಹುಡುಗನಿಗೆ ಹೇಳಲಿಲ್ಲ, ಉಪದೇಶ ಅವನಿಗೂ ಬೇಡ. ಅಕ್ಕ ಬಂದ ರಾತ್ರಿ ನೀನೆಲ್ಲಿದ್ದೆ ಎಂದು ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಗ ಎಸೆಸೆಲ್ಸಿಯಂತೆ. ಅಕ್ಕನಿಗೂ ಮಕ್ಕಳಿಗೂ ಇವನ ಕೋಣೆ ಕೊಟ್ಟರು, ಇವನ ಪುಸ್ತಕಗಳನ್ನು ಹಾಲ್‌ಗೆ ತಂದಿಟ್ಟರು. "ನನಗೆ ಅಕ್ಕನ ಮೇಲೆ ಸಿಟ್ಟು ಬಂದಿತ್ತು, ಒಂದು ವಾರ ಮಾತಾಡ್ಲಿಲ್ಲ" ಅಂದ.

ಅವನದೇ ಆದ ಕಥೆ ಅದು! ತಲಾಖ್ ಅಕ್ಕನದು, ಸಿಟ್ಟು ತಮ್ಮನದು. ಖರ್ಚಿನ ಲೆಕ್ಕದಲ್ಲೂ ಅದೇ ವಾಸಿ. ಒಂದು ಮನೆ, ಒಂದು ರಾತ್ರಿ, ಮುಚ್ಚಿದ ಒಂದು ಬಾಗಿಲು ಸಾಕು. ಮೊದಲಿನ ಕಥೆಯಲ್ಲಿ ಮದುವೆ ಹಾಲ್, ಜಮಾಅತ್ ಸಭೆ, ವಿಮಾನ ನಿಲ್ದಾಣ ಎಲ್ಲ ಇತ್ತು. ಹನ್ನೆರಡು ನಿಮಿಷದಲ್ಲಿ ಅದ್ಯಾವುದೂ ನಿಲ್ಲುವುದಿಲ್ಲ. ಆದರೂ ಅಕ್ಕನ ನೆರಳು ಇದರಲ್ಲೂ ಬೀಳುತ್ತದೆ. ಹೆಸರು ಬದಲಿಸಿದರೆ ಸಾಲದು, ನಮ್ಮ ಮೊಹಲ್ಲಾದಲ್ಲಿ ಯಾರ ಮನೆ ಎಂದು ಎರಡೇ ನಿಮಿಷದಲ್ಲಿ ಹೇಳಿಬಿಡ್ತಾರೆ. ಹಾಗಾಗಿ ಕ್ಯಾಮೆರಾ ತೆಗೆಯುವ ಮೊದಲು ಅವಳಿಗೆ ಓದಿ ಹೇಳು, ಬೇಡ ಅಂದರೆ ಬಿಟ್ಟುಬಿಡು ಎಂದೆ.

ಮೂರು ವಾರ ಈ ಕಡೆ ಬರಲಿಲ್ಲ. ಮೊನ್ನೆ ಬಂದ. ಅಕ್ಕ ಓದಿ ಒಪ್ಪಿದಳಂತೆ. ಒಂದೇ ಕಡೆ ತಿದ್ದಿಸಿದ್ದಾಳೆ: ಉಮ್ಮನ ಮಡಿಲಲ್ಲಿ ಅವಳು ಅಳುವ ದೃಶ್ಯ. "ಆ ರಾತ್ರಿ ನಾನು ಅಳಲಿಲ್ಲ, ಅತ್ತದ್ದು ಉಮ್ಮ" ಅಂದಳಂತೆ.