ಹಸಿರೆಲ್ಲವೂ ಕಾಡಲ್ಲ

ಹೇವರ್ಡ್ ನಗರದ ಪೂರ್ವಕ್ಕಿರುವ ಬೆಟ್ಟಸಾಲು ಉತ್ತರಕ್ಕೆ ಓಕ್ಲೆಂಡ್‌ನತ್ತ ಹಬ್ಬಿದೆ. ಆ ಉತ್ತರದ ಹಕಲ್‌ಬೆರಿ ಮತ್ತು ಸೊಬ್ರಾಂಟೆ ಬೆಟ್ಟಗಳ ಬಡಕಲು ಕಲ್ಲುನೆಲದಲ್ಲಿ ಪ್ಯಾಲಿಡ್ ಮಂಜನೀಟ ಎಂಬ ಕಾಡುಪೊದೆ ಬೆಳೆಯುತ್ತದೆ. ಕೆಂಗಂದು ತೊಗಟೆ, ಮಾಸಲು ಹಸಿರೆಲೆ, ಚಳಿಗಾಲದಲ್ಲಿ ಅರಳುವ ಪುಟ್ಟ ಗಡಿಗೆಯಾಕಾರದ ಹೂಗಳು. ಈಸ್ಟ್ ಬೇ ಬೆಟ್ಟಗಳ ಹೊರಗೆ ಇದು ತಾನಾಗಿ ಬೆಳೆಯುವುದಿಲ್ಲ. ಕ್ಯಾಲಿಫೋರ್ನಿಯ ರಾಜ್ಯವು 1979ರಲ್ಲಿ, ಒಕ್ಕೂಟ ಸರ್ಕಾರವು 1998ರಲ್ಲಿ ಇದನ್ನು ಕಾನೂನಿನ ರಕ್ಷಣೆಗೆ ಒಳಪಡಿಸಿದವು.

ಕಾನೂನಿದ್ದರೂ ಕುತ್ತು ತಪ್ಪಿಲ್ಲ. ಈ ಪೊದೆಗೆ ತೆರೆದ ಬಿಸಿಲು ಬೇಕು. ಬೀಜ ಮೊಳೆಯಲು ಬೆಂಕಿಯ ತಾಪ ಬೇಕು. 1910ರ ಸುಮಾರಿಗೆ ಫ್ರಾಂಕ್ ಹೇವನ್ಸ್ ಎಂಬ ಉದ್ಯಮಿ ಮರಮುಟ್ಟಿನ ಲಾಭಕ್ಕಾಗಿ ಈ ಬೆಟ್ಟಗಳಲ್ಲಿ ವ್ಯಾಪಕವಾಗಿ ನೀಲಗಿರಿ ನೆಡಿಸಿದ. ಮರ ಕೆಲಸಕ್ಕೆ ಬಾರಲಿಲ್ಲ, ಲಾಭವೂ ಬರಲಿಲ್ಲ. ನೆರಳು ಮಾತ್ರ ಉಳಿಯಿತು. ಬಳಿಕ ಮನೆಗಳು ಬೆಟ್ಟವೇರಿದವು, ಬೆಂಕಿಯನ್ನು ದೂರವಿಡುವುದು ಅನಿವಾರ್ಯವಾಯಿತು. 1991ರ ಅಕ್ಟೋಬರ್‌ನಲ್ಲಿ ಓಕ್ಲೆಂಡ್ ಬೆಟ್ಟಗಳು ಹೊತ್ತಿ ಉರಿದಾಗ 25 ಜನ ಸತ್ತರು. ಅಲ್ಲಿ ಬೆಂಕಿ ಹಚ್ಚಿ ಪೊದೆ ಉಳಿಸಿ ಎಂದು ಸಲೀಸಾಗಿ ಹೇಳುವಂತಿಲ್ಲ. ನೀಲಗಿರಿ ತೆಗೆಯುವ ಯೋಜನೆಗಳೂ ಹಸಿರಿನ ಹೆಸರಿನಲ್ಲೇ ನ್ಯಾಯಾಲಯದ ಮೆಟ್ಟಿಲೇರಿವೆ.

ಕನ್ನಡಿಗರಿಗೆ ಈ ಕಥೆ ಹೊಸತಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿತೋಟಕ್ಕೆ ನಡೆದು, ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ, ಮಾವಿನ ಬೀಜ ಬಿತ್ತಿದರು. ಸಾಮಾಜಿಕ ಅರಣ್ಯವೆಂಬ ಹೆಸರಿನಲ್ಲಿ ಬೆಳೆದದ್ದು ಕಾರ್ಖಾನೆಯ ಕಚ್ಚಾಮಾಲು ಎಂಬುದನ್ನು ಅವರು ಕಂಡುಕೊಂಡಿದ್ದರು. ಕರ್ನಾಟಕ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ಮೂರು ದಶಕಗಳ ನಂತರ.

ಹಾಗೆಂದು 'ಸ್ಥಳೀಯ', 'ಪರಕೀಯ' ಎಂಬ ಪದಗಳನ್ನು ವಲಸಿಗರು ಎಚ್ಚರವಿಲ್ಲದೆ ಬಳಸಲಾಗದು. ಅದೇ ಪದಗಳು ನಾಳೆ ಮನುಷ್ಯರತ್ತ ತಿರುಗುತ್ತವೆ. ನೀಲಗಿರಿ ತಾನಾಗಿ ಕಡಲು ದಾಟಿ ಬಂದು ಬೆಟ್ಟವನ್ನು ಆಕ್ರಮಿಸಲಿಲ್ಲ. ಬಂಡವಾಳ ಅದನ್ನು ಸಾಲುಸಾಲಾಗಿ ನೆಟ್ಟಿತು. ವಿಚಾರಣೆ ನಡೆಯಬೇಕಾದದ್ದು ಆ ಲೆಕ್ಕಾಚಾರದ ಮೇಲೆ, ಮರದ ಹುಟ್ಟೂರಿನ ಮೇಲಲ್ಲ.

ಬೇ ಏರಿಯಾದ ಕನ್ನಡಿಗರಲ್ಲಿ ಹಲವರು ಇಂದು ಮನೆ ಕೊಳ್ಳುವವರು, ತೆರಿಗೆ ಕಟ್ಟುವವರು, ಕೆಲವರು ಮತದಾರರೂ ಹೌದು. ಬೆಟ್ಟದ ಮೇಲೆ ಹೊಸ ಬಡಾವಣೆ ಬರುವಾಗ, ನೆಟ್ಟ ಮರ ತೆರವುಗೊಳಿಸುವ ಪ್ರಸ್ತಾಪ ಬಂದಾಗ, ನಗರಸಭೆಯ ಸಾರ್ವಜನಿಕ ವಿಚಾರಣೆಗಳಲ್ಲಿ ಅವರ ದನಿ ಕೇಳಬೇಕು. ತುಮಕೂರಿನ ರೈತರು ಕೇಳಿದ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ: ಈ ಹಸಿರು ಯಾರಿಗಾಗಿ, ಇದರ ನೆರಳಿನಲ್ಲಿ ಸಾಯುತ್ತಿರುವುದು ಏನು?