ದೀಪಕ್ಕೂ ಎಣ್ಣೆ ಬೇಕು

ಪ್ರತಿವರ್ಷ ಮೇ 12 ಬಂದಿತೆಂದರೆ ಆಸ್ಪತ್ರೆಗಳಲ್ಲಿ ಒಂದು ಪುಟ್ಟ ಉತ್ಸವ. 1820ರಲ್ಲಿ ಆ ದಿನ ಜನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಚಿತ್ರಕ್ಕೆ ಹೂಮಾಲೆ, ದಾದಿಯರ ಕೈಯಲ್ಲಿ ಉರಿಯುವ ದೀಪ, ವೇದಿಕೆಯ ಮೇಲಿಂದ ‘ತ್ಯಾಗಮೂರ್ತಿ’, ‘ಕರುಣಾಮಯಿ’ ಎಂಬ ಮಾತುಗಳ ಮಳೆ. ಮರುದಿನ ಬೆಳಗ್ಗೆ ಮತ್ತೆ ಅದೇ ವಾರ್ಡು, ಕೈಗೆ ಮೀರಿದಷ್ಟು ರೋಗಿಗಳು. ದೀಪವನ್ನು ಹೊಗಳುವವರು ಬಹಳ. ಅದರಲ್ಲಿ ಎಣ್ಣೆ ಎಷ್ಟು ಉಳಿದಿದೆಯೆಂದು ಬಗ್ಗಿ ನೋಡುವವರು ಎಷ್ಟು ಮಂದಿ?

ಈ ವಾರ ಆ ಎಣ್ಣೆಯ ಮಾತನ್ನೇ ಆಡೋಣ. ಮಗಳೋ, ಸೊಸೆಯೋ, ತಮ್ಮನೋ ಶುಶ್ರೂಷೆಯ ವೃತ್ತಿಯಲ್ಲಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅಂಥ ಮನೆಯವರಿಗೆ ಮುಂದಿನ ಚಿತ್ರ ಹೊಸದೆನಿಸಲಾರದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಡುಗಿ ಮನೆಗೆ ಬಂದರೆ ಮಾತೇ ಮಾತು. ಅಜ್ಜಿಯೊಬ್ಬರು ಎರಡು ಚಮಚ ಗಂಜಿ ಕುಡಿದದ್ದು, ಕೂಸಿನ ಜ್ವರ ಇಳಿದದ್ದು, ಎಲ್ಲವೂ ಅಡುಗೆಮನೆಯಲ್ಲಿ ವರದಿಯಾಗುತ್ತಿತ್ತು. ಕೆಲವು ವರ್ಷಗಳಲ್ಲಿ ಆ ಮಾತು ನಿಂತುಹೋಗುತ್ತದೆ. ರಜೆಯ ದಿನವೂ ಏಳುವಾಗಲೇ ಆಯಾಸ. ಹೆಸರಿದ್ದ ರೋಗಿ ಈಗ ಬರಿಯ ‘ಏಳನೆಯ ಮಂಚ’. ಕೊನೆಗೊಂದು ದಿನ, ‘ನಾನು ಇಷ್ಟೆಲ್ಲ ಮಾಡಿ ಯಾರಿಗೇನು ಉಪಕಾರವಾಯಿತು?’ ಎಂಬ ಪ್ರಶ್ನೆ. ಮನೆಯವರು ಇದಕ್ಕೆ ಸೋಮಾರಿತನವೆಂದೋ, ಸಿಡುಕೆಂದೋ, ಅಹಂಕಾರವೆಂದೋ ಹೆಸರಿಡುತ್ತಾರೆ.

ಇದಕ್ಕೆ ಬೇರೆಯೇ ಹೆಸರಿದೆ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ಉತ್ಸಾಹದಿಂದ ಬಂದ ಸೇವಕರೇ ಕ್ರಮೇಣ ಬತ್ತಿಹೋಗುವುದನ್ನು ಕಂಡು, 1974ರಲ್ಲಿ ಅದನ್ನು ‘ಬರ್ನ್‌ಔಟ್’ ಎಂದು ಕರೆದರು. ಉರಿದುರಿದು ಬರಿದಾಗುವುದು ಎಂದು ಅದರ ಅರ್ಥ. 1981ರಲ್ಲಿ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸಾನ್ ಜಾಕ್ಸನ್ ಅದನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು: ಮನಸ್ಸಿನ ಬಳಲಿಕೆ, ಎದುರಿಗಿರುವ ಮನುಷ್ಯನನ್ನು ವಸ್ತುವಿನಂತೆ ಕಾಣುವ ನಿರ್ಲಿಪ್ತತೆ, ತನ್ನ ಕೆಲಸದಲ್ಲಿ ತನಗೇ ನಂಬಿಕೆ ಇಲ್ಲದಾಗುವುದು. ಮೇಲಿನ ಚಿತ್ರದಲ್ಲಿ ಈ ಮೂರೂ ಇರುವುದನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆನ್ನದೆ, ಬಹುಕಾಲದ ಉದ್ಯೋಗದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದುದರ ಫಲವೆಂದು ವಿವರಿಸಿತು.

‘ಉದ್ಯೋಗದ ಒತ್ತಡ’ ಎಂಬ ಮಾತು ಮುಖ್ಯ. ದೋಷ ಹುಡುಗಿಯ ಸ್ವಭಾವದಲ್ಲಿದೆಯೆಂದು ತಿಳಿದವರು ಒಂದು ಲೆಕ್ಕವನ್ನು ನೋಡಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ 168 ಆಸ್ಪತ್ರೆಗಳಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆ ಬರಿದಾಗುವ ಸಂಭವ ಶೇಕಡ 23ರಷ್ಟು ಏರುತ್ತಿತ್ತು. ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವವೂ ಶೇಕಡ 7ರಷ್ಟು ಏರುತ್ತಿತ್ತು. ಬಳಲಿದ ದಾದಿಯ ಸಂಕಟ ಆಕೆಯೊಬ್ಬಳದೇ ಅಲ್ಲ. ನಾಳೆ ಆ ಮಂಚದ ಮೇಲೆ ಮಲಗುವವರು ನಾವೇ ಆಗಿರಬಹುದು.

ನಮ್ಮ ದೇಶದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಮಾಣದಂತೆ ಸಾಮಾನ್ಯ ವಾರ್ಡಿನಲ್ಲಿ, ಬೋಧನಾಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ ಐವರಿಗೆ ಒಬ್ಬ ದಾದಿ ಇರಬೇಕು. ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ಕಳೆದವರಿಗೆ ಈ ಪ್ರಮಾಣಕ್ಕೂ ವಸ್ತುಸ್ಥಿತಿಗೂ ಇರುವ ದೂರವನ್ನು ವಿವರಿಸಬೇಕಾಗಿಲ್ಲ. ಸಂಬಳದ ಮಾತಂತೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2016ರಲ್ಲಿ ಅದರ ಆದೇಶದಂತೆ ನೇಮಕವಾದ ಸಮಿತಿ, ಅತಿ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಹೊರೆ ಹೆಚ್ಚು, ಪ್ರತಿಫಲ ಕಡಿಮೆ, ಜೊತೆಗೆ ರೋಗಿಯ ಕಡೆಯವರ ಬೈಗುಳು. ಇವೆಲ್ಲದಕ್ಕೂ ‘ಸೇವಾಮನೋಭಾವ’ವೊಂದೇ ಔಷಧವೆಂದರೆ ಹೇಗೆ?

ಹಾಗಾದರೆ ಚೇತರಿಕೆಯ ದಾರಿ ಯಾವುದು? ಮತ್ತೆ ನೈಟಿಂಗೇಲ್ ಅವರ ಬಳಿಗೇ ಹೋಗೋಣ. ದೀಪ ಹಿಡಿದು ನಡೆದ ಆಕೆಯ ಚಿತ್ರ ನಮಗೆ ಗೊತ್ತು. ಮುಂದಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಕ್ರಿಮಿಯ ಯುದ್ಧಭೂಮಿಯಲ್ಲಿ ತೀವ್ರ ಜ್ವರಕ್ಕೆ ತುತ್ತಾಗಿದ್ದ ಆಕೆ 1856ರಲ್ಲಿ ಹಿಂದಿರುಗಿ, ಮರುವರ್ಷವೇ ಕುಸಿದು ಹಾಸಿಗೆ ಹಿಡಿದರು. ಅದು ದೇಹದ ರೋಗ. ಬರ್ನ್‌ಔಟ್ ಎಂದು ಹೆಸರಿಡುವುದು ಸರಿಯಲ್ಲ. ಆದರೆ ಅನಂತರ ಆಕೆ ಮಾಡಿದ್ದು ನಮಗೆ ಪಾಠವಾಗಬಹುದು. ವಾರ್ಡಿನ ಕೆಲಸಕ್ಕೆ ಮರಳಲಿಲ್ಲ. ಕೋಣೆಯಿಂದಲೇ ಲೇಖನಿ ಹಿಡಿದರು, ಅಂಕಿಅಂಶಗಳನ್ನು ಕಲೆಹಾಕಿದರು, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಆರಂಭಿಸಿದರು. ಕೆಲಸದ ರೂಪವನ್ನು ಬದಲಿಸಿಕೊಂಡ ಆಕೆಯನ್ನು ವೃತ್ತಿಯಿಂದ ಓಡಿಹೋದವಳೆಂದು ಯಾರೂ ಕರೆಯಲಿಲ್ಲ.

ಶುಶ್ರೂಷೆಯನ್ನು ಕುರಿತು ಆಕೆ 1859ರಲ್ಲಿ ಬರೆದ ಪುಸ್ತಕದಲ್ಲಿ ಇನ್ನೊಂದು ವಿವೇಕವಿದೆ. ತಾನಿದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಡಿಸುವುದೇ ಒಳ್ಳೆಯ ಶುಶ್ರೂಷೆಯ ಗುಟ್ಟೆಂದು ಆಕೆಯ ಅಭಿಪ್ರಾಯ. ‘ನಾನಿಲ್ಲದಿದ್ದರೆ ವಾರ್ಡು ನಡೆಯುವುದಿಲ್ಲ’ ಎಂದುಕೊಂಡು ರಜೆಯನ್ನೇ ತೆಗೆದುಕೊಳ್ಳದ ಸೋದರಿಯರು ಇದನ್ನು ಮನಸ್ಸಿನಲ್ಲಿಡಬೇಕು.

ಆದ್ದರಿಂದ ಬಳಲಿದ ಸೋದರಿಗೆ ಮೊದಲ ಸಲಹೆ: ಬರಬೇಕಾದ ರಜೆಯನ್ನು ಕೇಳಿ ಪಡೆಯಿರಿ. ಪಾಳಿ ಮುಗಿದಾಗ ಹೇಳಬೇಕಾದುದನ್ನು ಮುಂದಿನವರಿಗೆ ಪೂರ್ತಿಯಾಗಿ ಒಪ್ಪಿಸಿ, ಸಮವಸ್ತ್ರದೊಡನೆ ಚಿಂತೆಯನ್ನೂ ಅಲ್ಲಿಯೇ ಕಳಚಿಡುವ ಅಭ್ಯಾಸ ಮಾಡಿಕೊಳ್ಳಿ. ಮನಸ್ಸು ಬಿಚ್ಚಿ ಮಾತಾಡಲು ಜೊತೆಯವರಲ್ಲಿ ಒಬ್ಬರಾದರೂ ಇರಲಿ. ತುರ್ತುನಿಗಾ ಘಟಕ ಸಾಕಾದರೆ ಹೊರರೋಗಿ ವಿಭಾಗವಿದೆ, ಬೋಧನೆಯಿದೆ, ಸಮುದಾಯ ಆರೋಗ್ಯದ ಕೆಲಸವಿದೆ. ವರ್ಗ ಕೇಳುವುದರಲ್ಲಿ ನಾಚಿಕೆಯಿಲ್ಲ. ರಾಜೀನಾಮೆಯ ಪತ್ರವನ್ನು ಮಾತ್ರ ರಾತ್ರಿಪಾಳಿಯ ಮರುಬೆಳಗ್ಗೆ ಬರೆಯಬೇಡಿ. ಚೆನ್ನಾಗಿ ನಿದ್ರಿಸಿ, ವಿಶ್ರಮಿಸಿ, ಅನಂತರವೂ ಬಿಡಬೇಕೆನಿಸಿದರೆ ಬಿಡಿ, ಅದೂ ಪಾಪವಲ್ಲ.

ಒಂದು ಎಚ್ಚರಿಕೆ. ರಜೆ ಕಳೆದರೂ ನಿದ್ರೆ ಬಾರದಿದ್ದರೆ, ಯಾವುದರಲ್ಲಿಯೂ ರುಚಿ ಇಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಬರಿಯ ಬಳಲಿಕೆಯಲ್ಲ. ತಡಮಾಡದೆ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ಇನ್ನು ಮನೆಯವರ ಪಾಲು. ರಾತ್ರಿಯೆಲ್ಲ ಎಚ್ಚರವಿದ್ದು ಬಂದ ಸೊಸೆಗೆ ಬೆಳಗಿನ ಎಂಟು ಗಂಟೆಯೇ ರಾತ್ರಿ. ಅತ್ತೆಯವರು ಆಕೆಯ ಕೋಣೆಗೆ ದಪ್ಪ ಪರದೆ ಹಾಕಿಸಿ, ಟೀವಿಯ ಸದ್ದು ತಗ್ಗಿಸಿ, ಅಂದಿನ ಅಡುಗೆಯನ್ನು ಮಗನಿಗೆ ಒಪ್ಪಿಸಿದರೆ ಅರ್ಧ ಚಿಕಿತ್ಸೆಯಾದಂತೆಯೇ. ಬಂಧುಗಳ ರಕ್ತದೊತ್ತಡದ ವಿಚಾರವೆಲ್ಲ ಆಕೆಯ ರಜೆಯ ದಿನಕ್ಕೇ ಕಾದಿರುವುದು ಬೇಡ. ಆಕೆ ಮಾತಾಡಿದರೆ ಕೇಳಿ. ‘ಎಲ್ಲರೂ ಮಾಡುತ್ತಾರೆ, ನಿನಗೇನು ಅತಿಶಯ?’ ಎಂಬ ಮಾತೊಂದನ್ನು ಬಿಟ್ಟುಬಿಡಿ.

ಆಸ್ಪತ್ರೆಗಳ ಆಡಳಿತದವರೂ ಕಲಿಯಬಹುದಾದುದು ಇದೆ. ಬಾಸ್ಟನ್ ನಗರದಲ್ಲಿ 1997ರಲ್ಲಿ ‘ಷ್ವಾರ್ಟ್ಸ್ ರೌಂಡ್ಸ್’ ಎಂಬ ಸಭೆಗಳು ಆರಂಭವಾದವು. ವೈದ್ಯರು, ದಾದಿಯರು, ಇತರ ನೌಕರರು ಒಟ್ಟಿಗೆ ಕುಳಿತು, ರೋಗಿಗಳ ಆರೈಕೆಯಲ್ಲಿ ತಮ್ಮ ಮನಸ್ಸಿಗಾದುದನ್ನು ಹೇಳಿಕೊಳ್ಳುತ್ತಾರೆ. ಅಲ್ಲಿ ತೀರ್ಪಿಲ್ಲ, ಉಪದೇಶವಿಲ್ಲ. ಇದಕ್ಕೆ ಬೇಕಾದುದು ಒಂದು ಕೋಣೆ, ಒಂದು ಗಂಟೆ ಬಿಡುವು. ಆದರೆ ಎಷ್ಟು ಸಭೆ ನಡೆಸಿದರೂ ಖಾಲಿ ಹುದ್ದೆ ತುಂಬದಿದ್ದರೆ, ಅದು ಎಣ್ಣೆ ಹಾಕದೆ ಬತ್ತಿಯನ್ನಷ್ಟೆ ಮೇಲೆತ್ತಿದಂತೆ.

ಮುಂದೆ ನೀವು ರೋಗಿಯ ಕಡೆಯವರಾಗಿ ಆಸ್ಪತ್ರೆಗೆ ಹೋದಾಗ, ಹತ್ತು ಮಂದಿ ಹತ್ತು ಸಲ ಒಂದೇ ಪ್ರಶ್ನೆ ಕೇಳುವ ಬದಲು ಒಬ್ಬರು ಮಾತ್ರ ಕೇಳಿ. ಹೊರಡುವಾಗ, ‘ಸಿಸ್ಟರ್, ನಿಮ್ಮ ಊಟವಾಯಿತೆ?’ ಎಂದು ವಿಚಾರಿಸಿ. ಬಹಳ ದಿನಗಳಿಂದ ಆ ಪ್ರಶ್ನೆಯನ್ನು ಯಾರೂ ಆಕೆಗೆ ಕೇಳಿರಲಾರರು.